ಹೊಸ ಕಲಿಕಾ ಮಾನದಂಡಗಳ ಕಾಲದಲ್ಲಿ ಶಿಕ್ಷಕರ ಮೌಲ್ಯಮಾಪನ: ಯಾವ ಅಳತೆಗೋಲು, ಯಾರ ಕೈಯಲ್ಲಿ?

ಕಾಪು ಟೀಚರ್

ನಾನು ಕಾಪು ಕಡೆಯ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಕಳೆದ ತಿಂಗಳು ನಡೆದ ಸಮಾಲೋಚನಾ ಸಭೆಯಲ್ಲಿ ಮೂರನೇ ತರಗತಿಯ ಮಕ್ಕಳ ಓದಿನ ಮಟ್ಟವನ್ನು ಶಾಲಾವಾರು ಪಟ್ಟಿ ಮಾಡಿ ಪರದೆಯ ಮೇಲೆ ತೋರಿಸಲಾಯಿತು; ಪಟ್ಟಿಯ ಕೊನೆಯಲ್ಲಿದ್ದ ಶಾಲೆಗಳ ಶಿಕ್ಷಕರು ಎದ್ದು ನಿಂತು ಕಾರಣ ಹೇಳಬೇಕಾಯಿತು. ನಿಂತವರಲ್ಲಿ ನಾನೂ ಒಬ್ಬಳು. ನೋವಾಯಿತು ಎಂಬುದು ನಿಜ, ಆದರೆ ಅದಕ್ಕಾಗಿ ಇದನ್ನು ಬರೆಯುತ್ತಿಲ್ಲ. ನನ್ನ ತರಗತಿಯ ಎದುರು ಇದ್ದ ಸಂಖ್ಯೆ ಹೇಗೆ ಹುಟ್ಟಿತು ಎಂಬುದನ್ನು ನಾನು ಪಕ್ಕದಲ್ಲೇ ಕುಳಿತು ನೋಡಿದ್ದೇನೆ. ಅದನ್ನು ಶಿಕ್ಷಕರ ಮತ್ತು ಪೋಷಕರ ಮುಂದೆ ಇಡಬೇಕೆನಿಸಿತು.

ಓದಿನ ಪರೀಕ್ಷೆ ನಡೆಯುವುದು ಹೀಗೆ: ಮಗುವಿನ ಕೈಗೆ ಒಂದು ಹಾಳೆ ಕೊಡುತ್ತಾರೆ, ಮೊಬೈಲಿನಲ್ಲಿ ಒಂದು ನಿಮಿಷ ಇಡುತ್ತಾರೆ, ಸರಿಯಾಗಿ ಓದಿದ ಪದಗಳನ್ನು ಎಣಿಸುತ್ತಾರೆ. ನನ್ನ ತರಗತಿಯ ಒಬ್ಬಳು ಹುಡುಗಿಯ ತಂದೆ ಮಲ್ಪೆಯ ಬೋಟಿನಲ್ಲಿ ದುಡಿಯುವವರು. ಮನೆಯಲ್ಲಿ ತುಳು ಬಿಟ್ಟರೆ ಬೇರೆ ಮಾತಿಲ್ಲ. ಹಾಳೆಯ ಎರಡನೇ ಸಾಲಿನಲ್ಲಿ ‘ಅಳಿಲು’ ಎಂಬ ಪದ ಬಂದಾಗ ಅವಳು ನಿಂತಳು. ಅ, ಳಿ, ಲು ಎಂದು ಬೆರಳಿಟ್ಟು ಕೂಡಿಸಿದಳು, ಪಕ್ಕದ ಚಿತ್ರ ನೋಡಿದಳು, ಮತ್ತೆ ಪದಕ್ಕೆ ಬಂದಳು, ಆಮೇಲೆ ಗಟ್ಟಿಯಾಗಿ ‘ಚಣಿಲ್’ ಎಂದಳು. ಅಳಿಲಿಗೆ ತುಳುವಿನಲ್ಲಿ ಹಾಗೆನ್ನುತ್ತಾರೆ. ಅಕ್ಷರ ಕೂಡಿಸಿ, ಅರ್ಥಕ್ಕೆ ತಲುಪಿ, ಅದನ್ನು ತನ್ನ ಭಾಷೆಗೆ ತಂದುಕೊಂಡ ಆ ಗಳಿಗೆಗಾಗಿಯೇ ನಾವು ಒಂದನೇ ತರಗತಿಯಿಂದ ಕಾದಿರುತ್ತೇವೆ. ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಪದ ತಪ್ಪು ಎಂದು ಗೆರೆ ಬಿತ್ತು. ಅಷ್ಟರಲ್ಲಿ ಹತ್ತು ಸೆಕೆಂಡು ಕಳೆದಿತ್ತು. ಗೆರೆ ಎಳೆದವರ ಮೇಲೆ ನನಗೆ ಸಿಟ್ಟಿಲ್ಲ, ಅಂದು ಅವರು ಇನ್ನೂ ಮೂರು ಶಾಲೆ ಮುಗಿಸಬೇಕಿತ್ತು.

ಮಾನದಂಡವೇ ಬೇಡ ಎಂದು ನಾನು ಹೇಳುತ್ತಿಲ್ಲ. 2021ರ ಜುಲೈಯಲ್ಲಿ ಆರಂಭವಾದ ಕೇಂದ್ರ ಸರಕಾರದ ನಿಪುಣ್ ಭಾರತ್ ಕಾರ್ಯಕ್ರಮವು, ಮೂರನೇ ತರಗತಿ ಮುಗಿಸುವ ಮಗು ವಯಸ್ಸಿಗೆ ತಕ್ಕ ಅಪರಿಚಿತ ಪಠ್ಯವನ್ನು ನಿಮಿಷಕ್ಕೆ ಕನಿಷ್ಠ 60 ಪದಗಳಂತೆ ಅರ್ಥಸಹಿತ ಓದಬೇಕು ಎಂದು ಗುರಿ ಇಟ್ಟಾಗ ನನಗೆ ಸಂತೋಷವೇ ಆಗಿತ್ತು, ಏಕೆಂದರೆ ಏಳನೇ ತರಗತಿಗೆ ಬಂದರೂ ಓದಲು ತಡವರಿಸುವ ಮಕ್ಕಳನ್ನು ನಾವು ವರ್ಷದಿಂದ ವರ್ಷಕ್ಕೆ ಮುಂದೆ ದಾಟಿಸುತ್ತಲೇ ಬಂದಿದ್ದೆವು. ಆದರೆ ಕನ್ನಡದ ಪದ ಇಂಗ್ಲಿಷಿನ ಪದದಂತಲ್ಲ. ‘ಅಂಗಳದಲ್ಲಿದ್ದವರೆಲ್ಲರೂ’ ಎಂಬುದು ನಮ್ಮಲ್ಲಿ ಒಂದೇ ಪದ. ಇಂಗ್ಲಿಷಿನಲ್ಲಿ ಅಷ್ಟನ್ನೇ ಹೇಳಲು ಆರೇಳು ಪದ ಬೇಕು. ಎನ್‌ಸಿಇಆರ್‌ಟಿ (ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿ) 2022ರಲ್ಲಿ ನಡೆಸಿದ ಬುನಾದಿ ಕಲಿಕಾ ಅಧ್ಯಯನವು ಓದಿನ ಮಟ್ಟಗಳನ್ನು ಒಂದೊಂದು ಭಾಷೆಗೆ ಬೇರೆಬೇರೆಯಾಗಿ ಗುರುತಿಸಿತ್ತು. ನಮ್ಮ ಸಭೆಯ ಪರದೆಯ ಮೇಲೆ ಮಾತ್ರ 60 ಎಂಬ ಒಂದೇ ಗೆರೆ ಇತ್ತು, ಮತ್ತು ಆ ಗೆರೆಯ ಕೆಳಗೆ ಮಕ್ಕಳ ಹೆಸರಿರಲಿಲ್ಲ, ನಮ್ಮ ಹೆಸರುಗಳಿದ್ದವು.

ಚರ್ಚೆಗೆ ಇಡಬೇಕೆಂದಿರುವ ಮಾತು ಇದು. ಮಕ್ಕಳು ಏನು ಕಲಿಯಬೇಕು ಎಂಬ ಅಳತೆ ಬದಲಾಗುತ್ತಿರುವ ಹೊತ್ತಿನಲ್ಲೇ ಶಿಕ್ಷಕರನ್ನು ಅಳೆಯುವ ಕ್ರಮವೂ ಬದಲಾಗುತ್ತಿದೆ. ಒಂದು ಕಡೆ ಬುನಾದಿ ಹಂತಕ್ಕೆ 2022ರಲ್ಲಿ ಮತ್ತು ಇಡೀ ಶಾಲಾ ಶಿಕ್ಷಣಕ್ಕೆ 2023ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟುಗಳಿವೆ. ಇನ್ನೊಂದು ಕಡೆ, ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗವು 2025ರ ಆಗಸ್ಟಿನಲ್ಲಿ ಸಲ್ಲಿಸಿದ ವರದಿಯಿದೆ. ಅದು 2+8+4 ವರ್ಷಗಳ (ಪೂರ್ವಪ್ರಾಥಮಿಕ, ಪ್ರಾಥಮಿಕ, ಪ್ರೌಢ) ರಚನೆಯನ್ನೂ ದ್ವಿಭಾಷಾ ನೀತಿಯನ್ನೂ ಐದನೇ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯ ಮಾಧ್ಯಮವನ್ನೂ ಹೇಳುತ್ತದೆ. (ನಮ್ಮ ಕರಾವಳಿಯಲ್ಲಿ ಒಂದೇ ಬೆಂಚಿನಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತನಾಡುವ ಮೂವರು ಕುಳಿತಿರುತ್ತಾರೆ, ಇಲ್ಲಿ ಮಾತೃಭಾಷೆ ಎಂದರೆ ಯಾವುದು ಎಂಬುದು ಪ್ರತ್ಯೇಕ ಚರ್ಚೆಗೇ ಯೋಗ್ಯವಾದ ವಿಷಯ.)

ಶಿಕ್ಷಕರ ವಿಷಯಕ್ಕೆ ಬಂದರೆ, 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸೂಚಿಸಿದ ಶಿಕ್ಷಕರ ವೃತ್ತಿ ಮಾನದಂಡಗಳ ದಾಖಲೆ ನಮ್ಮನ್ನು ಪ್ರವೀಣ, ಉನ್ನತ, ಕುಶಲ ಎಂಬ ಮೂರು ಹಂತಗಳಲ್ಲಿ ಕಾಣುತ್ತದೆ. ಅದರ ಮೇಲೆ 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು, ಸೇವೆಯಲ್ಲಿರುವ ಶಿಕ್ಷಕರಲ್ಲಿ ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವವರು ಎರಡು ವರ್ಷದೊಳಗೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಉತ್ತೀರ್ಣರಾಗಬೇಕು ಎಂದು ತೀರ್ಪು ನೀಡಿತು. 2010ರ ಆಗಸ್ಟಿನಲ್ಲಿ ಆ ಅರ್ಹತೆ ನಿಗದಿಯಾಗುವ ಮೊದಲೇ ನೇಮಕವಾದ ನನ್ನಂಥವರಿಗೂ ಇದು ಅನ್ವಯ. ನನಗೆ ಪರೀಕ್ಷೆಯ ಭಯವಿಲ್ಲ. 150ಕ್ಕೆ 90 ಅಂಕ ತೆಗೆಯಲು ರಾತ್ರಿ ಹತ್ತರಿಂದ ಹನ್ನೊಂದರವರೆಗೆ ಓದುತ್ತಿದ್ದೇನೆ.

ಹೊಸ ಮಾನದಂಡವನ್ನು ಮೊದಲು ನಮ್ಮ ಕೈಗೆ ಕೊಡಲಿ, ಅದರಲ್ಲಿ ಕಲಿಸಿ ಪಳಗಲು ನಮಗೆ ಕೆಲವು ವರ್ಷ ಸಿಗಲಿ. ಅಲ್ಲಿಯವರೆಗೆ ಅದೇ ಕೋಲಿನಿಂದ ಶಿಕ್ಷಕರನ್ನು ಅಳೆದು ಪಟ್ಟಿ ಮಾಡುವುದು ಬೇಡ. ನಮ್ಮನ್ನು ಅಳೆಯಲೇಬೇಕಾದರೆ ತರಗತಿಯೊಳಗೆ ಬಂದು ಪೂರ್ತಿ ಒಂದು ಅವಧಿ ಕುಳಿತು ನೋಡಲಿ. ನಿಮ್ಮ ಅಭಿಪ್ರಾಯವೇನು?

ಸುರತ್ಕಲ್ ಪೋಷಕ

ಟೀಚರ್, ಆ ಹುಡುಗಿಯ ವಿಷಯ ಓದಿ ಮನಸ್ಸಿಗೆ ತಟ್ಟಿತು. ಆದರೂ ನಾನು ನಿಮ್ಮ ಮಾತನ್ನು ಪೂರ್ತಿ ಒಪ್ಪಲಾರೆ.

ನಾನು ನಮ್ಮೂರಿನ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸದಸ್ಯ. ನನ್ನ ಮಗ ಆರನೇ ತರಗತಿಗೆ ಹೋದಾಗ, ಒಂದು ದಿನ ಮನೆಗೆ ಬಂದ ಕರೆಂಟ್ ಬಿಲ್ಲನ್ನು ಓದು ಎಂದು ಅವನ ಕೈಗೆ ಕೊಟ್ಟೆ. ಅವನಿಗೆ ಆಗಲಿಲ್ಲ. ಪ್ರಗತಿ ಪತ್ರ ತೆಗೆದು ನೋಡಿದರೆ ಮೊದಲನೇ ರೂಪಣಾತ್ಮಕ ಮೌಲ್ಯಮಾಪನದಿಂದ ಹಿಡಿದು ಎರಡನೇ ಸಂಕಲನಾತ್ಮಕದವರೆಗೆ ಐದು ವರ್ಷವೂ ‘ಎ’ ಶ್ರೇಣಿ ಇತ್ತು. ಅವನಿಗೆ ಓದಲು ಬರುವುದಿಲ್ಲ ಎಂಬುದನ್ನು ಐದು ವರ್ಷ ಯಾರೂ ನಮಗೆ ಹೇಳಲಿಲ್ಲ. ನಾನು ಎಸ್‌ಎಸ್‌ಎಲ್‌ಸಿಯವರೆಗೆ ಓದಿದವನು, ನನಗೆ ಗೊತ್ತಾಯಿತು. ಪಕ್ಕದ ಮನೆಯ ತಾಯಿಗೆ ಓದಲು ಬರುವುದಿಲ್ಲ, ಅವರಿಗೆ ಹೇಗೆ ಗೊತ್ತಾಗಬೇಕು?

2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್, ಪ್ರತಿಯೊಂದು ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು ಅಗತ್ಯವಿದ್ದರೆ ಹೆಚ್ಚುವರಿ ಪಾಠ ಮಾಡುವುದು ಶಿಕ್ಷಕರ ಕರ್ತವ್ಯ ಎನ್ನುತ್ತದೆ. ಅದು ಆಗುತ್ತಿದೆಯೇ ಇಲ್ಲವೇ ಎಂದು ನೋಡಲು ಹೊರಗಿನ ಕಣ್ಣು ಬೇಕು. ಕೆಲವು ವರ್ಷ ಸಮಯ ಕೊಡಿ ಎನ್ನುತ್ತೀರಿ. ಅಷ್ಟರಲ್ಲಿ ಒಂದು ಮಗುವಿನ ಪ್ರಾಥಮಿಕ ಶಾಲೆಯೇ ಮುಗಿದುಹೋಗುತ್ತದೆ.

ಬೈಂದೂರು ಗಣಿತ ಮಾಷ್ಟ್ರು

ಇಬ್ಬರ ಮಾತಿನಲ್ಲೂ ಸತ್ಯವಿದೆ. ನಾನು ಪ್ರೌಢಶಾಲೆಯವನಾದ್ದರಿಂದ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಬಗ್ಗೆಯೇ ಹೇಳುತ್ತೇನೆ, ಏಕೆಂದರೆ ಕಾಗದದಲ್ಲಿ ಏನೇ ಬರೆದಿರಲಿ, ನಮ್ಮ ಎರಡು ಜಿಲ್ಲೆಗಳಲ್ಲಿ ಶಿಕ್ಷಕನ ನಿಜವಾದ ಮೌಲ್ಯಮಾಪನ ನಡೆಯುವುದು ಆ ದಿನವೇ.

2024ರಲ್ಲಿ ಉಡುಪಿ ಶೇ. 94ರೊಂದಿಗೆ ರಾಜ್ಯಕ್ಕೆ ಪ್ರಥಮ, ದಕ್ಷಿಣ ಕನ್ನಡ ಶೇ. 92.12ರೊಂದಿಗೆ ದ್ವಿತೀಯ. 2025ರಲ್ಲಿ ದಕ್ಷಿಣ ಕನ್ನಡ ಶೇ. 91.12ರೊಂದಿಗೆ ಮೊದಲು, ಉಡುಪಿ ಶೇ. 89.96ರೊಂದಿಗೆ ಎರಡನೆಯದು. ಫಲಿತಾಂಶ ಬಂದ ಮರುದಿನ ನಮ್ಮಲ್ಲಿ ನಡೆಯುವ ಮಾತು ಮಕ್ಕಳ ಬಗ್ಗೆ ಅಲ್ಲ, ಸ್ಥಾನ ಯಾರಿಂದ ತಪ್ಪಿತು ಎಂಬುದರ ಬಗ್ಗೆ. ನನ್ನ ಶಾಲೆಯಲ್ಲಿ ಹತ್ತನೇ ತರಗತಿಗೆ ಒಂದು ವರ್ಷ ಇದ್ದವರು ಒಂಬತ್ತು ಮಕ್ಕಳು. ಹಿಂದಿನ ವರ್ಷ ಶೇ. 100 ಬಂದಿತ್ತು, ಹಾರ ಹಾಕಿದ್ದರು. ಮರುವರ್ಷ ಇಬ್ಬರು ಗಣಿತದಲ್ಲಿ ಹೋದರು, ಫಲಿತಾಂಶ ಶೇ. 77.8ಕ್ಕೆ ಇಳಿಯಿತು, ಕಾರಣ ಕೇಳಿ ನೋಟಿಸ್ ಬಂತು. ಒಂದು ಮಗು ಎಂದರೆ ನನ್ನಲ್ಲಿ ಹನ್ನೊಂದು ಅಂಶ. ಆ ಇಬ್ಬರಲ್ಲಿ ಒಬ್ಬ ಹುಡುಗ ಡಿಸೆಂಬರಿನಲ್ಲಿ ತಂದೆಯನ್ನು ಕಳೆದುಕೊಂಡು ಎರಡು ತಿಂಗಳು ಶಾಲೆಗೆ ಬಂದಿರಲಿಲ್ಲ. ನಾನು ಎರಡೂ ವರ್ಷ ಒಂದೇ ರೀತಿ ಪಾಠ ಮಾಡಿದ್ದೆ. ಹಾರಕ್ಕೂ ನೋಟಿಸಿಗೂ ನಾನು ಅಷ್ಟಾಗಿ ಕಾರಣನಲ್ಲ.

ಸುರತ್ಕಲ್‌ನವರು ಹೊರಗಿನ ಅಳತೆ ಬೇಕು ಎನ್ನುತ್ತಾರೆ. ಆದರೆ ಆ ಕೋಲೇ ವರ್ಷಕ್ಕೊಮ್ಮೆ ಉದ್ದವೂ ಗಿಡ್ಡವೂ ಆಗುತ್ತಿದ್ದರೆ ಅದು ಯಾರನ್ನು ಅಳೆದಂತಾಯಿತು? 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ವೆಬ್‌ಕಾಸ್ಟಿಂಗ್ ಬಂತು, ಕೃಪಾಂಕವನ್ನು ಶೇ. 20ಕ್ಕೆ ಏರಿಸಿದ ಮೇಲೂ ಫಲಿತಾಂಶ ಶೇ. 73.40ಕ್ಕೆ ಬಿತ್ತು. ಪಠ್ಯ ಅದೇ, ಶಿಕ್ಷಕರೂ ಹೆಚ್ಚುಕಡಿಮೆ ಅವರೇ. ಈಗ 2025–26ರಿಂದ ಉತ್ತೀರ್ಣತೆಗೆ ಒಟ್ಟು 625ರಲ್ಲಿ 206 ಅಂಕ, ಅಂದರೆ ಶೇ. 33, ಮತ್ತು ಪ್ರತಿ ವಿಷಯದಲ್ಲಿ ಕನಿಷ್ಠ 30 ಎಂದಾಗಿದೆ, ಮೊದಲು ಶೇ. 35 ಇತ್ತು. ಜೊತೆಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶವಿದೆ. ಮಕ್ಕಳಿಗೆ ಇದರಿಂದ ಒಳ್ಳೆಯದಾದರೆ ನನಗೆ ಸಂತೋಷ. ಆದರೆ ಫಲಿತಾಂಶ ಏರಿದಾಗ ಆ ಏರಿಕೆಯನ್ನು ನನ್ನ ಲೆಕ್ಕಕ್ಕೆ ಬರೆಯುವುದೂ ತಪ್ಪು, ಇಳಿದಾಗ ಆ ಇಳಿಕೆಯನ್ನು ನನ್ನ ತಲೆಗೆ ಕಟ್ಟುವುದೂ ತಪ್ಪು.

ಇದರಿಂದ ಆಗುವ ಒಂದು ಕೆಟ್ಟ ಪರಿಣಾಮವನ್ನು ಹೇಳಲೇಬೇಕು. ನಾನು ಹಿಂದೆ ಇದ್ದ ಒಂದು ಶಾಲೆಯಲ್ಲಿ ಒಂಬತ್ತನೇ ತರಗತಿಯ ಕೊನೆಗೆ, ಕಲಿಕೆಯಲ್ಲಿ ಹಿಂದಿದ್ದ ನಾಲ್ವರು ಮಕ್ಕಳ ಮನೆಯವರನ್ನು ಕರೆಸಿ, ಟಿಸಿ ತೆಗೆದುಕೊಂಡು ಖಾಸಗಿಯಾಗಿ ಪರೀಕ್ಷೆ ಕಟ್ಟಿಸಿ ಎಂದು ಒಪ್ಪಿಸಲಾಯಿತು. ಶಾಲೆಯ ಫಲಿತಾಂಶ ಶೇ. 100 ಬಂತು. ಆ ನಾಲ್ವರಲ್ಲಿ ಒಬ್ಬನನ್ನು ಮರುವರ್ಷ ಗಂಗೊಳ್ಳಿ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುತ್ತಿರುವಾಗ ಕಂಡೆ. ಅವನು ‘ಸರ್’ ಎಂದು ನಕ್ಕ. ನನಗೆ ತಿರುಗಿ ನಗಲು ಆಗಲಿಲ್ಲ.

ಕದ್ರಿಯ ತಾಯಿ

ನನ್ನ ಮಗಳು 2024ರ ಮಾರ್ಚಿನಲ್ಲಿ ಐದನೇ ತರಗತಿಯ ಬೋರ್ಡ್ ಮೌಲ್ಯಾಂಕನ ಬರೆದಳು. ನಡುವೆ ನ್ಯಾಯಾಲಯದ ಆದೇಶದಿಂದ ಪರೀಕ್ಷೆ ನಿಂತಿತು, ಮತ್ತೆ ನಡೆಯಿತು, ಏಪ್ರಿಲ್ 8ರಂದು ಸುಪ್ರೀಂ ಕೋರ್ಟು ಫಲಿತಾಂಶ ಪ್ರಕಟಿಸಬಾರದೆಂದು ತಡೆ ನೀಡಿತು. ‘ಅಮ್ಮ, ನಾನು ಪಾಸಾ?’ ಎಂದು ಆ ಮಗು ಕೇಳಿದ ಪ್ರಶ್ನೆಗೆ ಟೀಚರಿಗೂ ಉತ್ತರ ಗೊತ್ತಿರಲಿಲ್ಲ. ಶಿಕ್ಷಕರಿಗೆ ಸಿದ್ಧತೆಗೆ ಸಮಯ ಬೇಕು ಎನ್ನುವಾಗ ಮಕ್ಕಳಿಗೂ ಅದು ಬೇಕು ಎಂಬುದನ್ನು ಸೇರಿಸಿಕೊಳ್ಳಿ.

ಮೂಲ್ಕಿಯ ಮಗಳು

ನಾನು ಹುಟ್ಟಿ ಬೆಳೆದದ್ದು ಮೂಲ್ಕಿಯಲ್ಲಿ, ಈಗ ಹದಿನೈದು ವರ್ಷಗಳಿಂದ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕಿ. ಕಾಪು ಟೀಚರ್ ಹೇಳುತ್ತಿರುವ ಎರಡು ಬದಲಾವಣೆಗಳು ಒಟ್ಟಿಗೆ ಬಂದರೆ ಏನಾಗುತ್ತದೆ ಎಂಬುದನ್ನು ನಾನು ಇಲ್ಲಿ ಅನುಭವಿಸಿದ್ದೇನೆ.

2010ರಲ್ಲಿ ಇಲ್ಲಿ ಬಂದ ಕಾನೂನಿನಂತೆ ಶಿಕ್ಷಕರಿಗೆ ನೂರು ಅಂಕಗಳ ಮೌಲ್ಯಮಾಪನ ಶುರುವಾಯಿತು: 20 ಅಂಕ ರಾಜ್ಯದ ಪರೀಕ್ಷೆಯಲ್ಲಿ ಮಕ್ಕಳು ತೋರಿದ ಪ್ರಗತಿಗೆ, 20 ಸ್ಥಳೀಯ ಅಳತೆಗೆ, ಉಳಿದ 60 ತರಗತಿ ವೀಕ್ಷಣೆ ಮುಂತಾದವಕ್ಕೆ. ಅದೇ ಸಮಯದಲ್ಲಿ ರಾಜ್ಯವು ‘ಕಾಮನ್ ಕೋರ್’ ಎಂಬ ಹೊಸ ಕಲಿಕಾ ಮಾನದಂಡಗಳಿಗೆ ಹೊರಳಿತು. 2013ರ ವಸಂತದಲ್ಲಿ ಮೂರರಿಂದ ಎಂಟನೇ ತರಗತಿಯವರೆಗೆ ಹೊಸ ಪರೀಕ್ಷೆ ನಡೆದಾಗ, ಹಿಂದಿನ ವರ್ಷ ಇಂಗ್ಲಿಷಿನಲ್ಲಿ ಶೇ. 55 ಮತ್ತು ಗಣಿತದಲ್ಲಿ ಶೇ. 65ರಷ್ಟು ಮಕ್ಕಳು ನಿರೀಕ್ಷಿತ ಮಟ್ಟದಲ್ಲಿದ್ದ ರಾಜ್ಯ, ಎರಡರಲ್ಲೂ ಶೇ. 31ಕ್ಕೆ ಕುಸಿಯಿತು. ಮಕ್ಕಳು ಒಂದು ವರ್ಷದಲ್ಲಿ ದಡ್ಡರಾಗಿರಲಿಲ್ಲ, ಗೆರೆ ಮೇಲೇರಿತ್ತು. ನಾನು ಕಲಿಸುತ್ತಿದ್ದ ಶಾಲೆಯಲ್ಲಿ ಹೊಸ ಪಾಠಗಳ ಕೈಪಿಡಿ ವರ್ಷದ ನಡುವೆ ಕೈಸೇರಿತು. ಬೆಳಿಗ್ಗೆ ಓದಿ ಮಧ್ಯಾಹ್ನ ಕಲಿಸಿದ ದಿನಗಳಿವೆ.

ಗ್ರೇಟ್ ನೆಕ್ ಎಂಬಲ್ಲಿನ ನಾಲ್ಕನೇ ತರಗತಿಯ ಒಬ್ಬ ಅನುಭವಿ ಶಿಕ್ಷಕಿಗೆ ಪ್ರಗತಿಯ ಲೆಕ್ಕದಲ್ಲಿ ಒಂದು ವರ್ಷ 20ಕ್ಕೆ 14 ಬಂದಿತ್ತು, ಮರುವರ್ಷ 20ಕ್ಕೆ 1 ಬಂತು. ಎರಡೂ ವರ್ಷ ಅವರ ಮಕ್ಕಳ ಅಂಕಗಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದವು. ಅವರು ನ್ಯಾಯಾಲಯಕ್ಕೆ ಹೋದರು. 2016ರಲ್ಲಿ ನ್ಯಾಯಾಧೀಶರು ಆ ಅಂಕವನ್ನು ಮನಸ್ಸಿಗೆ ಬಂದಂತೆ ಕೊಟ್ಟದ್ದು ಎಂಬ ಅರ್ಥದ ಮಾತಿನಲ್ಲಿ ರದ್ದುಪಡಿಸಿದರು. ಅದಕ್ಕೂ ಮೊದಲು, 2014ರಲ್ಲಿ, ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘವು ಒಂದು ಹೇಳಿಕೆ ನೀಡಿ, ಮಕ್ಕಳ ಪರೀಕ್ಷಾ ಅಂಕಗಳಲ್ಲಿ ಕಾಣುವ ವ್ಯತ್ಯಾಸದಲ್ಲಿ ಶಿಕ್ಷಕರ ಪಾಲು ಹೆಚ್ಚಿನ ಅಧ್ಯಯನಗಳ ಪ್ರಕಾರ ಶೇ. 1ರಿಂದ 14 ಎಂದು ತಿಳಿಸಿತ್ತು. ಬೈಂದೂರಿನ ಮಾಷ್ಟ್ರು ಒಂಬತ್ತು ಮಕ್ಕಳ ಲೆಕ್ಕದಲ್ಲಿ ಕಂಡುಕೊಂಡದ್ದು ಅದನ್ನೇ.

2015ರಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಮಕ್ಕಳನ್ನು ಪೋಷಕರೇ ರಾಜ್ಯದ ಪರೀಕ್ಷೆಗೆ ಕೂರಿಸಲಿಲ್ಲ. ಆ ಡಿಸೆಂಬರಿನಲ್ಲಿ ರಾಜ್ಯದ ಶಿಕ್ಷಣ ಮಂಡಳಿಯು ಆ ಪರೀಕ್ಷೆಯ ಅಂಕಗಳನ್ನು ಶಿಕ್ಷಕರ ಮೌಲ್ಯಮಾಪನಕ್ಕೆ ಬಳಸುವುದನ್ನು ನಾಲ್ಕು ವರ್ಷ ನಿಲ್ಲಿಸಿತು. 2019ರಲ್ಲಿ ಕಡ್ಡಾಯವೇ ಹೋಯಿತು. ಸುರತ್ಕಲ್ ಅಣ್ಣ, ನಿಮ್ಮ ಆತಂಕ ನನಗೂ ಇದೆ, ಆದರೆ ಇಲ್ಲಿ ಆದದ್ದನ್ನು ಗಮನಿಸಿ: ಶಿಕ್ಷಕರನ್ನು ಅಳೆಯುವ ಅವಸರದಲ್ಲಿ ಜನರು ಮಾನದಂಡದ ಮೇಲೆಯೇ ನಂಬಿಕೆ ಕಳೆದುಕೊಂಡರು. ಮಾನದಂಡಗಳಲ್ಲಿ ಒಳ್ಳೆಯದು ಬಹಳಷ್ಟಿತ್ತು. ಭಿನ್ನರಾಶಿಯನ್ನು ಸಂಖ್ಯಾರೇಖೆಯ ಮೇಲೆ ಕಲಿಸುವ ಕ್ರಮವನ್ನು ನಾನು ಇಂದಿಗೂ ಬಿಟ್ಟಿಲ್ಲ.

ನಿವೃತ್ತ ಪರಿವೀಕ್ಷಕ, ಉಡುಪಿ

ಶಾಲೆಗಳ ತಪಾಸಣೆಯಲ್ಲಿ ಹಲವು ವರ್ಷ ಕಳೆದವನು ನಾನು. ದೂರದ ಅಮೆರಿಕದವರೆಗೆ ಹೋಗಬೇಕಾಗಿಲ್ಲ. ಇದು ನಮ್ಮ ನೆಲದಲ್ಲೇ ಒಮ್ಮೆ ನಡೆದಿದೆ. ಇಂಗ್ಲೆಂಡಿನಲ್ಲಿ 1862ರಿಂದ ಶಾಲೆಗಳಿಗೆ ಸಿಗುವ ಅನುದಾನವನ್ನು ಮಕ್ಕಳ ಹಾಜರಾತಿ ಮತ್ತು ಓದು, ಬರಹ, ಲೆಕ್ಕದ ಪರೀಕ್ಷೆಯ ಫಲಿತಾಂಶಕ್ಕೆ ಕಟ್ಟಿದರು. ಇನ್ಸ್‌ಪೆಕ್ಟರ್ ಬಂದು ಒಂದೊಂದು ಮಗುವನ್ನೂ ಪರೀಕ್ಷಿಸುತ್ತಿದ್ದರು. ನಮ್ಮ ಅವಿಭಜಿತ ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಆ ಪ್ರಾಂತ್ಯದಲ್ಲೂ ಫಲಿತಾಂಶ ನೋಡಿ ಅನುದಾನ ಕೊಡುವ ಪದ್ಧತಿ ಬಂತು, 1882ರ ಹಂಟರ್ ಆಯೋಗ ಪ್ರಾಥಮಿಕ ಶಾಲೆಗಳ ಮಟ್ಟಿಗೆ ಅದನ್ನು ಬೆಂಬಲಿಸಿತು. ಏನಾಯಿತೆಂದರೆ, ಇನ್ಸ್‌ಪೆಕ್ಟರ್ ಕೇಳುವ ಪುಸ್ತಕವನ್ನು ಮಕ್ಕಳು ಬಾಯಿಪಾಠ ಮಾಡಿದರು. ಪುಸ್ತಕ ತಲೆಕೆಳಗಾಗಿ ಹಿಡಿದರೂ ಓದು ತಪ್ಪದಂತೆ ಇಂಗ್ಲೆಂಡಿನ ಮಕ್ಕಳು ಪಳಗಿದ್ದರು ಎಂದು ಬರೆದಿಟ್ಟವರಿದ್ದಾರೆ. ಅಲ್ಲಿ ಹತ್ತೊಂಬತ್ತನೇ ಶತಮಾನ ಮುಗಿಯುವ ಮುನ್ನ, ನಮ್ಮಲ್ಲಿ ಇಪ್ಪತ್ತನೆಯದರ ಆರಂಭದಲ್ಲಿ ಅದನ್ನು ಕೈಬಿಟ್ಟರು.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ಶಿಕ್ಷಕರ ವಾರ್ಷಿಕ ಕಾರ್ಯನಿರ್ವಹಣಾ ವರದಿಗಳು ಕೊನೆಯ ದಿನಾಂಕ ಹತ್ತಿರ ಬಂದಾಗ ಒಟ್ಟಿಗೆ ನನ್ನ ಮೇಜಿಗೆ ಬರುತ್ತಿದ್ದವು. ಒಂದು ಸಂಜೆ ನಾನು ನಲವತ್ತಕ್ಕೂ ಹೆಚ್ಚು ವರದಿಗಳಿಗೆ ಸಹಿ ಮಾಡಿದ್ದೇನೆ. ಎಲ್ಲರಿಗೂ ‘ಉತ್ತಮ’. ಆ ನಲವತ್ತರಲ್ಲಿ ನಾನು ತರಗತಿಯಲ್ಲಿ ಕುಳಿತು ನೋಡಿದವರು ಆರೇಳು ಮಂದಿ. ಮಕ್ಕಳು ಕಾದು ಕುಳಿತುಕೊಳ್ಳುವಷ್ಟು ಚೆನ್ನಾಗಿ ಪಾಠ ಮಾಡುವ ಒಬ್ಬ ಶಿಕ್ಷಕಿಗೂ, ತರಗತಿಯಲ್ಲಿ ಪತ್ರಿಕೆ ಓದುತ್ತಾ ಕೂರುತ್ತಿದ್ದ ಇನ್ನೊಬ್ಬರಿಗೂ ಒಂದೇ ಪದ ಬರೆದೆ. ಸುರತ್ಕಲ್‌ನ ಆ ಹುಡುಗನ ಪ್ರಗತಿ ಪತ್ರದ ‘ಎ’ ಶ್ರೇಣಿಯೂ ನನ್ನ ‘ಉತ್ತಮ’ವೂ ಒಂದೇ ಜಾತಿಯವು. ನೋಡದೆ ಬರೆದವು.

ಎನ್‌ಸಿಇಆರ್‌ಟಿ 2013ರಲ್ಲಿ ಪ್ರಾಥಮಿಕ ಶಿಕ್ಷಕರಿಗಾಗಿ ‘ಪಿಂಡಿಕ್ಸ್’ ಎಂಬ ಕಾರ್ಯಸೂಚಕಗಳನ್ನು ತಂದಿತು: ಶಿಕ್ಷಕರು ಮೊದಲು ತಮ್ಮನ್ನು ತಾವೇ ನಾಲ್ಕು ಮಟ್ಟಗಳಲ್ಲಿ ಗುರುತಿಸಿಕೊಳ್ಳಬೇಕು, ಆಮೇಲೆ ಮುಖ್ಯ ಶಿಕ್ಷಕರು ಅದರ ಬಗ್ಗೆ ಅವರೊಡನೆ ಮಾತನಾಡಬೇಕು. ಯೋಚನೆ ಒಳ್ಳೆಯದಿತ್ತು. ನಾನು ಕಂಡ ಶಾಲೆಗಳಲ್ಲಿ ನಮೂನೆ ತುಂಬಿತು, ಮಾತುಕತೆ ನಡೆಯಲಿಲ್ಲ. ಹಾಗಾಗಿ ಕಾಪು ಟೀಚರ್ ‘ಬಂದು ಕುಳಿತು ನೋಡಿ’ ಎನ್ನುವುದನ್ನು ನಾನು ಪೂರ್ಣವಾಗಿ ಬೆಂಬಲಿಸುತ್ತೇನೆ, ಒಂದು ಷರತ್ತಿನೊಂದಿಗೆ: ನೋಡುವವರಿಗೆ ಒಂದು ದಿನಕ್ಕೆ ಒಂದೇ ಶಾಲೆ ಇರಬೇಕು. ಮೂರು ಶಾಲೆ ಬಾಕಿಯಿರುವವರ ಕಣ್ಣಿಗೆ ಚಣಿಲ್ ಕಾಣುವುದಿಲ್ಲ.

ಕಾಪು ಟೀಚರ್

ಎಲ್ಲರಿಗೂ ಕೃತಜ್ಞತೆಗಳು. ಪರಿವೀಕ್ಷಕ ಸರ್ ಹೇಳಿದ ಮಾತನ್ನು ಹೇಳಲು ಎಷ್ಟು ಧೈರ್ಯ ಬೇಕೆಂದು ನನಗೆ ಗೊತ್ತಿದೆ.

ಸುರತ್ಕಲ್‌ನವರೇ, ನಿಮ್ಮ ಮಾತು ನನ್ನನ್ನು ಎರಡು ದಿನ ಕಾಡಿತು. ನಾನೂ ಅಂಥ ‘ಎ’ ಶ್ರೇಣಿಗಳನ್ನು ಬರೆದಿದ್ದೇನೆ. ಮಕ್ಕಳ ಕೆಲಸ ಕೂಡಿಸಿಟ್ಟ ಕೃತಿಸಂಪುಟ, ಪರಿಶೀಲನಾ ಪಟ್ಟಿ, ಇಲಾಖೆಯ ಆನ್‌ಲೈನ್ ದಾಖಲೆ ವ್ಯವಸ್ಥೆಯಾದ ಎಸ್‌ಎಟಿಎಸ್‌ಗೆ ಅಂಕ ಏರಿಸುವ ಕೊನೆಯ ದಿನ ಎಲ್ಲ ಒಟ್ಟಿಗೆ ಬಂದಾಗ, ಮಗುವಿನ ಮುಖ ನೆನಪು ಮಾಡಿಕೊಳ್ಳದೆ ಶ್ರೇಣಿ ತುಂಬಿದ ಸಂಜೆಗಳಿವೆ. ಇದು ಸಮರ್ಥನೆ ಅಲ್ಲ. ಆದರೆ ನಮ್ಮ ಸಮಯ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನೀವು ಹೇಳಿದ ಅದೇ ಕಾಯ್ದೆಯ 27ನೇ ಸೆಕ್ಷನ್ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. 2025ರ ಸೆಪ್ಟೆಂಬರ್ 22ರಿಂದ ನಾವು ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗಾಗಿ ಮನೆ ಮನೆ ಸುತ್ತಿದೆವು, ದಸರಾ ರಜೆ ಅಕ್ಟೋಬರ್ 18ರವರೆಗೆ ಹೋಯಿತು. ಜೂನ್, ಜುಲೈಯಲ್ಲಿ ರೆಡ್ ಅಲರ್ಟಿನ ಮಳೆ ರಜೆಗಳು ಬೇರೆ. ಅವನ್ನು ಶನಿವಾರ ಮಧ್ಯಾಹ್ನಗಳಲ್ಲಿ ತುಂಬಿಸುತ್ತೇವೆ, ಆದರೆ ಮಧ್ಯಾಹ್ನ ಎರಡು ಗಂಟೆಗೆ ಮೂರನೇ ತರಗತಿಯ ಮಗು ಎಷ್ಟು ಓದೀತು?

ಕೆಲವು ವರ್ಷ ಎಂದು ನಾನು ಬರೆದದ್ದನ್ನು ತಿದ್ದಿಕೊಳ್ಳುತ್ತೇನೆ. ಮಕ್ಕಳನ್ನು ಅಳೆಯುವುದು ಒಂದು ದಿನವೂ ನಿಲ್ಲಬಾರದು. ಆ ಅಳತೆ ಮೊದಲು ಮಗುವಿನ ಮನೆಗೆ ತಲುಪಲಿ, ಸಭೆಯ ಪರದೆಗೆ ಅಲ್ಲ. ಸಣ್ಣ ತರಗತಿಗಳ ಚಟುವಟಿಕೆ ಆಧಾರಿತ ನಲಿ-ಕಲಿ ಪದ್ಧತಿಯ ಕಲಿಕಾ ಏಣಿಯಲ್ಲಿ ಮಗು ಇಂದು ಯಾವ ಮೆಟ್ಟಿಲಲ್ಲಿದೆ ಎಂದು ನಾವು ನೋಡುತ್ತಿದ್ದೆವಲ್ಲ, ಹಾಗೆಯೇ ಅದೇ ಮಗುವಿನ ಜೂನ್ ತಿಂಗಳ ಓದನ್ನೂ ಮಾರ್ಚಿನ ಓದನ್ನೂ ಪಕ್ಕಪಕ್ಕ ಇಡಲಿ. ಅರ್ಥವನ್ನು ಮಗು ತುಳುವಿನಲ್ಲಿ ಹೇಳಲಿ, ಬ್ಯಾರಿಯಲ್ಲಿ ಹೇಳಲಿ, ಅದನ್ನು ಅರ್ಥವೆಂದೇ ಎಣಿಸಲಿ. ಶಿಕ್ಷಕರನ್ನು ನೋಡಲು ವರ್ಷಕ್ಕೆ ಎರಡು ಸಲ, ಇನ್ನೊಂದು ಶಾಲೆಯ ಅದೇ ತರಗತಿಯ ಶಿಕ್ಷಕರೊಬ್ಬರು ಪೂರ್ತಿ ಅವಧಿ ಬಂದು ಕೂರಲಿ. ಹತ್ತಿರದ ಶಾಲೆಗಳಿಗೆ ಮಾರ್ಗದರ್ಶನ ನೀಡುವ ಸಿಆರ್‌ಪಿಯವರೂ ಜೊತೆಗಿದ್ದರೆ ಒಳ್ಳೆಯದು. ನೋಡಿದ್ದನ್ನು ಅಂದೇ ಮಾತನಾಡಿ ಬರೆದಿಡಲಿ.

ಸುರತ್ಕಲ್ ಪೋಷಕ

ಹೀಗಾದರೆ ಒಪ್ಪುತ್ತೇನೆ. ನನ್ನ ಬೇಡಿಕೆ ಎರಡೇ. ಮಗುವಿಗೆ ಓದಲು ಬರುತ್ತದೆಯೇ ಇಲ್ಲವೇ ಎಂಬುದನ್ನು ಶ್ರೇಣಿಯಲ್ಲಿ ಅಲ್ಲ, ಒಂದು ಸಾಲಿನ ವಾಕ್ಯದಲ್ಲಿ ಬರೆದುಕೊಡಿ. ಓದಲು ಬಾರದ ತಾಯಿಗೆ ಬಾಯಲ್ಲಿ ಹೇಳಿ. ಎರಡನೆಯದು, ಪರಸ್ಪರ ನೋಡುವ ಶಿಕ್ಷಕರು ಒಬ್ಬರ ಬೆನ್ನು ಒಬ್ಬರು ತಟ್ಟಿ ಕಳಿಸಿದರೆ ಅದು ಮತ್ತೆ ನಲವತ್ತು ‘ಉತ್ತಮ’ಗಳಂತೆಯೇ ಆಗುತ್ತದೆ. ಅದಕ್ಕೆ ಏನು ಮಾಡುತ್ತೀರಿ?

ಬೈಂದೂರು ಗಣಿತ ಮಾಷ್ಟ್ರು

ಕನಿಷ್ಠ ಒಂದು ಕೊರತೆಯನ್ನು, ಅದನ್ನು ಕಂಡ ಸಂದರ್ಭದೊಂದಿಗೆ ಬರೆಯದೆ ವರದಿ ಮುಗಿಯಬಾರದು ಎಂಬ ನಿಯಮ ಇಟ್ಟುಕೊಳ್ಳಬಹುದು. ಆ ಕೊರತೆಯಿಂದ ವೇತನ ಬಡ್ತಿಗೂ ವರ್ಗಾವಣೆಗೂ ತೊಂದರೆಯಾಗದು ಎಂಬ ಭರವಸೆ ಇದ್ದರೆ ಮಾತ್ರ ಜನ ನಿಜ ಬರೆಯುತ್ತಾರೆ. ನಾನು ಕುಂದಾಪುರದ ಸ್ನೇಹಿತರೊಬ್ಬರೊಡನೆ ಮುಂದಿನ ತಿಂಗಳಿನಿಂದ ಹೀಗೆ ಮಾಡಲು ಮಾತಾಡಿಕೊಂಡಿದ್ದೇನೆ. ಯಾರ ಆದೇಶಕ್ಕೂ ಕಾಯಬೇಕಾಗಿಲ್ಲ, ಇಬ್ಬರು ಮುಖ್ಯ ಶಿಕ್ಷಕರ ಒಪ್ಪಿಗೆ ಸಾಕು.

ಕಾಪು ಟೀಚರ್

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಮಂಗಳವಾರ ಕಟಪಾಡಿ ಕಡೆಯ ಒಂದು ಶಾಲೆಯ ಟೀಚರ್ ನನ್ನ ಮೂರನೇ ತರಗತಿಗೆ ಬಂದು ಹಿಂದಿನ ಬೆಂಚಿನಲ್ಲಿ ಮಕ್ಕಳ ಜೊತೆ ಪೂರ್ತಿ ಅವಧಿ ಕುಳಿತಿದ್ದರು. ಅವರು ವಯಸ್ಸಿನಲ್ಲಿ ನನಗಿಂತ ಹನ್ನೆರಡು ವರ್ಷ ಚಿಕ್ಕವರು. ಬಿಡುವಿನಲ್ಲಿ ಚಹಾ ಕುಡಿಯುತ್ತಾ, ಬಹಳ ಸಂಕೋಚದಿಂದ, ಒಂದು ಮಾತು ಹೇಳಿದರು: ‘ಅಕ್ಕ, ಮಗು ಪದದ ಎದುರು ನಿಂತಾಗ ನೀವು ಮೂರು ಎಣಿಸುವ ಮೊದಲೇ ಆ ಪದವನ್ನು ಹೇಳಿಬಿಡುತ್ತೀರಿ. ನಾನು ಲೆಕ್ಕ ಇಟ್ಟಿದ್ದೆ, ಹದಿನೇಳು ಸಲ ಆಯಿತು.’

ಇಪ್ಪತ್ತೆರಡು ವರ್ಷದಲ್ಲಿ ಇದನ್ನು ನನಗೆ ಯಾರೂ ಹೇಳಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಬುಧವಾರ ಅದೇ ಹುಡುಗಿ ಓದಲು ನಿಂತಾಗ ನಾನು ಕೈಯನ್ನು ಸೆರಗಿನೊಳಗೆ ಬಿಗಿಹಿಡಿದು ಸುಮ್ಮನೆ ನಿಂತೆ. ‘ತೆಂಗಿನಮರ’ ಎಂಬಲ್ಲಿ ಅವಳು ತಡೆದಳು. ನಾನು ಮನಸ್ಸಿನಲ್ಲೇ ಎಣಿಸಿದೆ. ಏಳಕ್ಕೆ ಬಂದಾಗ ಅವಳೇ ಓದಿದಳು.

ಕಟಪಾಡಿಯವರ ತರಗತಿಗೆ ನಾನು ಶುಕ್ರವಾರ ಹೋಗುತ್ತಿದ್ದೇನೆ. ಸುರತ್ಕಲ್‌ನವರೇ, ನಿಮ್ಮ ಒಂದು ಸಾಲಿನ ವಾಕ್ಯವನ್ನು ನನ್ನ ಹದಿನಾಲ್ಕು ಮಕ್ಕಳಿಗೂ ಬರೆದು ಮುಗಿಸಿದ್ದೇನೆ. ಆರು ತಾಯಂದಿರಿಗೆ ಗೇಟಿನ ಹತ್ತಿರ ನಿಂತು ಬಾಯಲ್ಲಿ ಹೇಳಿದೆ, ಇಬ್ಬರಿಗೆ ತುಳುವಿನಲ್ಲಿ.